ಕೊಯ್ಲಿನ ರಜೆ

ಗ್ರೈಫೆನ್‌ಟಾಲ್ ವಿಶ್ವವಿದ್ಯಾಲಯದಲ್ಲಿ ಒಂದು ಲೇಖನವನ್ನು ಯಾರು ಬರೆದರು ಎಂದು ಕೇಳಿದರೆ, ಕೇಳಿದವನು ಊರಿಗೆ ಹೊಸಬ ಎಂದೇ ಅರ್ಥ. ಹಳಬರು ಯಾರು ಸಹಿ ಹಾಕಿದರು ಎಂದಷ್ಟೇ ನೋಡುತ್ತಿದ್ದರು. ಇತಿಹಾಸ ವಿಭಾಗದಲ್ಲಿ ಸಹಿ ಹಾಕುತ್ತಿದ್ದವರು ಪ್ರೊಫೆಸರ್ ಲುಡೋಲ್ಫ್ ಹಾಗೆಮನ್. ಬರೆಯುತ್ತಿದ್ದವನು ಅವರ ಸಹಾಯಕ, ಡಾಕ್ಟರ್ ಎಕ್‌ಹಾರ್ಟ್ ತೀಲೆ.

ಇದರಲ್ಲಿ ಗುಟ್ಟೇನೂ ಇರಲಿಲ್ಲ, ಪದ್ಧತಿ ಹಾಗಿತ್ತು. ಪ್ರತಿ ಪ್ರೊಫೆಸರಿಗೂ ಒಬ್ಬ ಸಹಾಯಕ. ಪ್ರೊಫೆಸರರ ಹೆಸರಿನ ಪುಸ್ತಕ ವಿಮರ್ಶೆ, ಮುನ್ನುಡಿ, ರೇಡಿಯೋ ಭಾಷಣ, ಸತ್ತ ಸಹೋದ್ಯೋಗಿಯ ಗುಣಗಾನ, ಎಲ್ಲವನ್ನೂ ಅವನೇ ಬರೆಯಬೇಕು. ಬರೆದದ್ದನ್ನು ಬಾಯಿಬಿಟ್ಟು ಹೇಳಬಾರದು. ಹಾಗೆ ಹಲ್ಲು ಕಚ್ಚಿಕೊಂಡು ವರ್ಷಗಟ್ಟಲೆ ದುಡಿದರೆ ಒಂದು ದಿನ ಪ್ರೊಫೆಸರು, ‘ಇನ್ನು ನಿಮ್ಮ ಎರಡನೇ ಪ್ರಬಂಧ ಒಪ್ಪಿಸಿ’ ಎನ್ನುತ್ತಾರೆ. ಡಾಕ್ಟರೇಟ್ ಆದಮೇಲೆ ಬರೆಯುವ ಆ ಎರಡನೆಯ ಮಹಾಪ್ರಬಂಧವನ್ನು ಪ್ರೊಫೆಸರರ ಸಭೆ ಒಪ್ಪಿದರೆ ಮಾತ್ರ ಪಾಠ ಹೇಳುವ ಹಕ್ಕು, ಮುಂದೆ ಪ್ರೊಫೆಸರ್ ಕುರ್ಚಿ. ಒಪ್ಪದಿದ್ದರೆ ಸಹಾಯಕನ ಕರಾರು ಮುಗಿದ ದಿನ ಪೆಟ್ಟಿಗೆ ಕಟ್ಟಿಕೊಂಡು ನಡೆಯುವುದೇ. ಎಕ್‌ಹಾರ್ಟ್ ಹನ್ನೊಂದು ವರ್ಷ ಬರೆದಿದ್ದ. ಅವನ ಕರಾರು ಆ ವರ್ಷದ, ಎಂದರೆ ಸಾವಿರದ ಒಂಬೈನೂರ ಅರವತ್ತೈದರ, ಶರತ್ಕಾಲಕ್ಕೆ ಮುಗಿಯುವುದಿತ್ತು. ವಯಸ್ಸು ನಲವತ್ತರ ಹತ್ತಿರ. ಈ ಬಾಗಿಲು ಮುಚ್ಚಿದರೆ ಬೇರೆ ಬಾಗಿಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಹೆಂಡತಿ ಅನ್ನೆಗ್ರೆಟ್‌ಗೂ ಗೊತ್ತಿತ್ತು.

ಆ ಕಾಲಕ್ಕೆ ಜರ್ಮನಿಯ ಇತಿಹಾಸಕಾರರೆಲ್ಲ ಒಂದೇ ಪ್ರಶ್ನೆಗೆ ಜುಟ್ಟು ಹಿಡಿದುಕೊಂಡಿದ್ದರು. ಹದಿನಾಲ್ಕರ ಮಹಾಯುದ್ಧ ಯಾಕೆ ಶುರುವಾಯಿತು? ಅದಾಗಿ ಅರ್ಧ ಶತಮಾನ ಕಳೆದಿತ್ತು, ನಡುವೆ ಇನ್ನೊಂದು ಯುದ್ಧ ಬಂದು ಮನೆಮಠ ತೊಳೆದುಹೋಗಿತ್ತು, ಇವರ ಜಗಳ ಮಾತ್ರ ಮುಗಿದಿರಲಿಲ್ಲ. ಹಳೆಯ ತಲೆಮಾರಿನವರದು ಒಂದೇ ಪಟ್ಟು: ಯಾರೂ ಯುದ್ಧ ಬಯಸಿರಲಿಲ್ಲ, ಎಲ್ಲರೂ ಎಲ್ಲರಿಗೂ ಹೆದರಿದ್ದರು, ಆಗಿಹೋಯಿತು. ಉತ್ತರದ ಕಡೆಯ ಕೆಲವು ಹೊಸಬರು ಅದನ್ನು ಒಪ್ಪಲಿಲ್ಲ. ಬರ್ಲಿನ್ನಿನ ದೊರೆಗಳು ಬೇಕೆಂದೇ ಮಾಡಿದರು, ವಿಯೆನ್ನಾದವರ ಬೆನ್ನಿಗೆ ಕೈಯಿಟ್ಟು ತಳ್ಳಿದರು ಎಂದು ಪುಸ್ತಕ ಬರೆದರು. ಅಷ್ಟು ಸಾಕಾಯಿತು. ಮೂವತ್ತು ವರ್ಷ ಒಟ್ಟಿಗೆ ಕೂತು ಬಿಯರ್ ಕುಡಿದವರು ಬೀದಿಯಲ್ಲಿ ಟೋಪಿ ಎತ್ತುವುದನ್ನು ಬಿಟ್ಟರು. ಸತ್ತ ಕೋಟಿ ಜನರ ಬಗ್ಗೆ ಇವರಿಗೆ ಎಷ್ಟು ಸಂಕಟವಿತ್ತೋ ದೇವರೇ ಬಲ್ಲ, ಒಬ್ಬರ ಅಡಿಟಿಪ್ಪಣಿಯಲ್ಲಿ ಇನ್ನೊಬ್ಬರು ತಪ್ಪು ಹಿಡಿದ ದಿನ ಮಾತ್ರ ಹಬ್ಬ.

ಹಾಗೆಮನ್ ಹಳೆಯ ಪಟ್ಟಿನವರಲ್ಲಿ ಹಿರಿಯರು. ಅವರ ಅಣ್ಣ ಆಲ್ಬ್ರೆಖ್ಟ್ ಹದಿನಾಲ್ಕರ ಚಳಿಗಾಲದಲ್ಲೇ ಫ್ಲಾಂಡರ್ಸ್‌ನ ಕೆಸರಿನಲ್ಲಿ ಸತ್ತಿದ್ದ. ಅವನ ಫೋಟೋ ಮೇಜಿನ ಮೇಲಿತ್ತು. ‘ನಮ್ಮಣ್ಣ ಮೋಸಕ್ಕಾಗಿ ಸಾಯಲಿಲ್ಲ’ ಎಂದು ಅವರು ಹೇಳಿದಾಗ ಎದುರು ಕೂತವರು ಸುಮ್ಮನಾಗುತ್ತಿದ್ದರು. ಆ ಮಾತು ನಿಜವಾದ ನೋವಿನಿಂದಲೇ ಬರುತ್ತಿತ್ತು, ಅದರಲ್ಲಿ ನಾಟಕವಿರಲಿಲ್ಲ.

ಎರಡು ವರ್ಷದ ಹಿಂದೆ ಅವರು ಎಕ್‌ಹಾರ್ಟನನ್ನು ಕೋಣೆಗೆ ಕರೆದಿದ್ದರು.

“ತೀಲೆ, ಕೂತ್ಕೊಳ್ಳಿ. ಈ ಉತ್ತರದ ಹುಡುಗರಿಗೆ ಒಂದು ಉತ್ತರ ಕೊಡ್ಬೇಕು. ಬಾಯಿ ಮುಚ್ಚೋ ಹಾಗೆ ಇರ್ಬೇಕು. ನಿಮ್ಮ ಹತ್ರ ಆ ವಿಯೆನ್ನಾ ಸರಕಿದೆಯಲ್ಲ, ಕೊಯ್ಲಿನ ರಜೆ. ಅದನ್ನ ಹಾಕಿ.”

“ಅದು ನನ್ನ ಪ್ರಬಂಧಕ್ಕೆ ಅಂತ ಇಟ್ಕೊಂಡಿದ್ದೆ, ಪ್ರೊಫೆಸರ್ರೇ.”

“ಅದೆಲ್ಲಿ ಓಡಿಹೋಗತ್ತೆ? ನನ್ನ ಹತ್ರ ಇದ್ರೂ ಒಂದೇ, ನಿಮ್ಮ ಹತ್ರ ಇದ್ರೂ ಒಂದೇ. ಒಂದೇ ಮನೆಯಲ್ವಾ ನಮ್ಮದು?”

ಒಂದೇ ಮನೆಯಂತೆ. ಅಷ್ಟು ವರ್ಷದಲ್ಲಿ ಆ ಮನುಷ್ಯ ಇವನನ್ನು ಮೊದಲ ಹೆಸರು ಹಿಡಿದು ಒಂದು ಸಲವೂ ಕರೆದಿರಲಿಲ್ಲ.

ಕೊಯ್ಲಿನ ರಜೆ ಎಂದರೆ ಇಷ್ಟು. ಹದಿನಾಲ್ಕರ ಬೇಸಿಗೆಯಲ್ಲಿ ಆಸ್ಟ್ರಿಯಾದ ಸೈನ್ಯ ತನ್ನ ಸಿಪಾಯಿಗಳನ್ನು ಗೋಧಿ ಕೊಯ್ಯಲು ಊರಿಗೆ ಕಳಿಸಿತ್ತು. ರಾಜಕುಮಾರನ ಕೊಲೆಯಾಗಿ, ಯುದ್ಧದ ಮಾತು ಗಾಳಿಯಲ್ಲಿರುವಾಗಲೂ ಅವರು ಹೊಲದಲ್ಲೇ ಇದ್ದರು. ಎಕ್‌ಹಾರ್ಟ್ ಮದುವೆಯಾದ ಬೇಸಿಗೆಯಿಂದ ಮೊದಲುಮಾಡಿ ಎಷ್ಟೋ ಬೇಸಿಗೆಗಳನ್ನು ವಿಯೆನ್ನಾದ ಸೇನಾ ದಫ್ತರದಲ್ಲಿ ಧೂಳು ಕುಡಿಯುತ್ತ ಕಳೆದು ಆ ಸಂಗತಿಯ ಬೇರು ಹಿಡಿದಿದ್ದ. ಯಾವ ಪಡೆಯವರು ಯಾವ ಹಳ್ಳಿಗೆ ಹೋದರು, ಯಾರು ಯಾವಾಗ ಮರಳಿದರು ಎಂಬುದೆಲ್ಲ ಅವನಿಗೆ ಬಾಯಿಪಾಠ. ಅವನು ಲೇಖನ ಬರೆದುಕೊಟ್ಟ. ಅದರಲ್ಲಿ ನಾಲ್ಕು ಪುಟ ಆಗ ಆಸ್ಟ್ರಿಯಾಕ್ಕೆ ಸೇರಿದ್ದ ಮೊರಾವಿಯಾದ ಒಂದು ಹಳ್ಳಿಯ ಮೇಲೆ. ಸಮವಸ್ತ್ರ ಮಡಿಸಿ ಪೆಟ್ಟಿಗೆಗೆ ಹಾಕಿದ ಸಿಪಾಯಿ, ಅವನ ಕುಡುಗೋಲು, ಬಿಸಿಲಿಗೆ ಸುಲಿದ ಅವನ ಕುತ್ತಿಗೆ. ಯುದ್ಧ ಬೇಕಾದವನು ಸಿಪಾಯಿಯನ್ನು ಹೊಲಕ್ಕೆ ಕಳಿಸುತ್ತಾನೆಯೇ ಎಂಬ ಪ್ರಶ್ನೆಯೊಂದಿಗೆ ಆ ಭಾಗ ಮುಗಿಯುತ್ತಿತ್ತು. ಲೇಖನ ಹಾಗೆಮನ್ ಹೆಸರಿನಲ್ಲಿ ಅಚ್ಚಾಯಿತು. ಪತ್ರಿಕೆಗಳು ಆ ನಾಲ್ಕು ಪುಟವನ್ನೇ ಎತ್ತಿ ಹಾಕಿಕೊಂಡವು. ಇಷ್ಟು ಒಣ ಪ್ರೊಫೆಸರಲ್ಲಿ ಎಷ್ಟು ಹಸಿ ಹೃದಯ ಎಂದು ಒಬ್ಬ ಸಂಪಾದಕ ಬರೆದ.

ಎಡವಟ್ಟಾದದ್ದು ಅದರ ಮುಂದಿನ ಬೇಸಿಗೆ. ಮತ್ತೆ ವಿಯೆನ್ನಾಕ್ಕೆ ಹೋದ ಎಕ್‌ಹಾರ್ಟ್, ಅದೇ ಕಾಗದಗಳನ್ನು ಇನ್ನೊಮ್ಮೆ ಓದಿದ. ಲೇಖನ ಗೆಲ್ಲಿಸುವ ಅವಸರವಿಲ್ಲದೆ ಓದಿದ. ಸಿಪಾಯಿಗಳನ್ನು ಹೊಲದಲ್ಲೇ ಬಿಟ್ಟದ್ದು ಯುದ್ಧ ಬೇಡ ಎಂದಲ್ಲ. ಒಮ್ಮೆಲೇ ವಾಪಸು ಕರೆದರೆ ಲೋಕಕ್ಕೆಲ್ಲ ಗೊತ್ತಾಗುತ್ತದೆ, ರೈಲುಗಳೂ ಅಸ್ತವ್ಯಸ್ತವಾಗುತ್ತವೆ ಎಂದು. ಗೋಧಿ ಮನೆ ಸೇರಲಿ, ರಜೆ ತಾನಾಗಿ ಮುಗಿಯಲಿ, ಆಮೇಲೆ ನೋಡೋಣ ಎಂದು ಅವರು ಕಾದಿದ್ದರು. ಆ ಕಡೆ ಬರ್ಲಿನ್ ಇನ್ನೂ ಯಾಕೆ ತಡ ಎಂದು ಚಡಪಡಿಸುತ್ತಿತ್ತು. ಉತ್ತರದ ಹೊಸಬರು ಹೇಳಿದ್ದು ಬಹುಪಾಲು ಸರಿ. ಆ ಬೆವರು, ಆ ಕುಡುಗೋಲು, ಎಲ್ಲ ಒಂದು ಪರದೆ.

ಅವನು ತನ್ನ ಎರಡನೇ ಪ್ರಬಂಧದಲ್ಲಿ ಸತ್ಯವನ್ನೇ ಬರೆದ. ಆದರೆ ಹಳ್ಳಿಯ ವರ್ಣನೆಯ ಆ ನಾಲ್ಕು ಪುಟವನ್ನು ಹಾಗೇ ಎತ್ತಿ ತನ್ನ ಪ್ರಬಂಧಕ್ಕೆ ಇಳಿಸಿಕೊಂಡ, ತೀರ್ಮಾನ ಮಾತ್ರ ತಿರುಗಿಸಿದ. ಅದಕ್ಕಿಂತ ಚೆನ್ನಾಗಿ ಬರೆಯಲು ಅವನಿಗೆ ಬರುತ್ತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಬಾಯಿಬಿಡಿಸಿದವಳು ಅನ್ನೆಗ್ರೆಟ್.

ಪ್ರಬಂಧವನ್ನು ಟೈಪ್ ಮಾಡಿದವಳು ಅವಳೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮುಗಿಸಿ ಬಂದು, ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು ಕುಟ್ಟುತ್ತಿದ್ದಳು. ಒಂದು ಭಾನುವಾರ ಆಲೂಗಡ್ಡೆ ಸುಲಿಯುತ್ತಿದ್ದವನ ಮುಂದೆ ಹಾಳೆ ಹಿಡಿದು ನಿಂತಳು.

“ಇದು ಆ ಮುದುಕನ ಲೇಖನದಲ್ಲಿರೋದೇ ಅಲ್ವೇನೋ? ಒಂದಕ್ಷರ ಬದಲಾಗಿಲ್ಲ.”

“ನಂದೇ ಅದು.”

“ನಿಂದೇ ಅಂತ ನಂಗೊತ್ತು, ನಿಂಗೊತ್ತು. ಊರಿಗೆ ಗೊತ್ತಿಲ್ವಲ್ಲ. ಕೆಳಗೆ ಒಂದು ಅಡಿಟಿಪ್ಪಣಿ ಹಾಕು. ‘ನೋಡಿ: ಹಾಗೆಮನ್’ ಅಂತ. ನಿನ್ ಗಂಟೇನು ಹೋಗತ್ತೆ?”

ಅವನು ಚಾಕು ಕೆಳಗಿಟ್ಟ. “ಅವರ ಹೆಸರಿಗೆ ಈ ಪ್ರಬಂಧದಲ್ಲಿ ಎಷ್ಟು ಸಲ ಕೈ ಮುಗಿದಿದೀನಿ ನೋಡಿದ್ಯಲ್ಲ. ಪುಟಕ್ಕೊಂದು. ಇದಕ್ಕೆ ಮಾತ್ರ ಹಾಕಲ್ಲ. ನಾನು ಬರೆದ ಸಾಲಿಗೆ ನಾನೇ ಅವರಿಗೆ ಋಣಿ ಅಂತ ಬರೀಲಾ?”

“ಯಾರಾದ್ರೂ ಹಿಡಿದ್ರೆ?”

“ಯಾರು ಹಿಡೀತಾರೆ? ಅವರು ಓದಲ್ಲ. ಓದದೆ ಹನ್ನೊಂದು ವರ್ಷ ಆಯ್ತು.”

“ಅಲ್ಲ ಕಣೋ, ಇಷ್ಟು ದಿನ ಎಲ್ಲ ನುಂಗಿದ್ದೀಯ. ಇವತ್ತು ಒಂದು ಸಾಲಿಗೆ ಯಾಕೆ ಮುರಿದು ಬೀಳ್ತೀಯ?”

ಅವನು ಮತ್ತೆ ಚಾಕು ಎತ್ತಿಕೊಂಡ. ಅವಳು ಹಾಳೆಯನ್ನು ಯಂತ್ರಕ್ಕೆ ಸಿಕ್ಕಿಸಿ ಮತ್ತೆ ಕುಟ್ಟತೊಡಗಿದಳು. ಅಡಿಟಿಪ್ಪಣಿ ಹಾಕಲಿಲ್ಲ. ಹನ್ನೊಂದು ವರ್ಷದಲ್ಲಿ ಅವನು ತೋರಿಸಿದ ಸ್ವಾಭಿಮಾನ ಅದೊಂದೇ, ಅದೂ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ.

ಹಾಗೆಮನ್ ಪ್ರಬಂಧದ ದಪ್ಪ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು. “ಭಾರವಾಗಿದೆ, ಒಳ್ಳೇದು. ಸಭೆಗೆ ನಾನೊಂದು ವರದಿ ಕೊಡ್ಬೇಕಲ್ಲ ಇದರ ಮೇಲೆ. ನೀವೇ ಒಂದು ಕರಡು ಮಾಡಿಬಿಡಿ ತೀಲೆ, ನಿಮಗಿಂತ ಚೆನ್ನಾಗಿ ಇದನ್ನ ಓದಿದವರು ಯಾರು?” ಎಂದು ನಕ್ಕರು. ಎಕ್‌ಹಾರ್ಟ್ ತನ್ನ ಪ್ರಬಂಧದ ಮೇಲೆ ತಾನೇ ವರದಿ ಬರೆದ. ನಾಚಿಕೆಯಿಂದ ಕಡಿಮೆ ಹೊಗಳಿಕೊಂಡ, ನಂಬಿಕೆ ಬರಲೆಂದು ಎರಡು ಸಣ್ಣ ಕುಂದನ್ನೂ ಎತ್ತಿ ತೋರಿಸಿದ. ಕೊನೆಯ ಅಧ್ಯಾಯ ಗುರುವಿನ ವಾದವನ್ನೇ ಬುಡಮೇಲು ಮಾಡುತ್ತದೆ ಎಂಬುದನ್ನು ವರದಿಯಲ್ಲೂ ಬರೆಯಲಿಲ್ಲ, ಬಾಯಲ್ಲೂ ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ, ಅಷ್ಟೇ. ಮೊದಲು ಹಕ್ಕು ಸಿಗಲಿ, ಆಮೇಲೆ ಹೇಳಿದರಾಯಿತು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಹಾಗೆಮನ್ ವರದಿಯನ್ನು ಓದಿ, ‘ಇನ್ನೊಂದು ಚೂರು ಹೊಗಳಬಹುದಿತ್ತು’ ಎಂದು ಸಹಿ ಹಾಕಿದರು.

ಸಭೆ ಮೇ ತಿಂಗಳಲ್ಲಿ ಕೂಡಿತು. ಉದ್ದ ಮೇಜು, ಸುತ್ತ ಎಲ್ಲ ವಿಭಾಗಗಳ ಮೂವತ್ತು ಪ್ರೊಫೆಸರರು. ಎಕ್‌ಹಾರ್ಟ್ ಮದುವೆಯ ಕರಿ ಸೂಟು ತೊಟ್ಟು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗೆ ಕರೆದು ಒಂದು ಗಂಟೆ ಉಪನ್ಯಾಸ ಮಾಡಿಸುತ್ತಾರೆ, ನಾಲ್ಕು ಪ್ರಶ್ನೆ, ಕೈಕುಲುಕು, ವೈನ್. ಎಲ್ಲರಿಗೂ ನಡೆದದ್ದು ಹಾಗೆ. ಅವನನ್ನು ಕರೆದಾಗ ಉಪನ್ಯಾಸದ ಮಾತೇ ಇರಲಿಲ್ಲ. ಡೀನರು ಕುರ್ಚಿ ತೋರಿಸಿ, “ಪ್ರೊಫೆಸರ್ ವೆಂಟ್‌ಲಾಂಡ್ ಅವರದ್ದು ಒಂದು ಪ್ರಶ್ನೆ ಇದೆ,” ಎಂದರು.

ವೆಂಟ್‌ಲಾಂಡ್ ಲ್ಯಾಟಿನ್ ಪ್ರೊಫೆಸರು. ಸತ್ತ ಭಾಷೆಯ ಎರಡು ಹಳೆಯ ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಯಾವುದು ಯಾವುದರ ನಕಲು ಎಂದು ಪತ್ತೆ ಮಾಡುವುದರಲ್ಲಿ ಎತ್ತಿದ ಕೈ. ಅಂಥವರು ಸಭೆಗೆ ಬಂದ ಪ್ರಬಂಧವನ್ನು ನಿಜವಾಗಿಯೂ ಓದುತ್ತಾರೆಂದು ಯಾರು ಎಣಿಸಿದ್ದರು?

“ನಂಗೆ ಯುದ್ಧದ ಕಾರಣ ಗೊತ್ತಿಲ್ಲ,” ಎಂದು ಅವರು ಕನ್ನಡಕ ಏರಿಸಿದರು. “ಅದು ನಿಮ್ಮ ತಲೆನೋವು. ನಂಗೆ ಸಾಲು ಗೊತ್ತು. ಈಗ ಎರಡು ಓದ್ತೀನಿ, ಕೇಳಿ.”

ಮೊದಲು ಹಾಗೆಮನ್ ಲೇಖನದಿಂದ ಓದಿದರು, ಆಮೇಲೆ ಪ್ರಬಂಧದಿಂದ. ಸಮವಸ್ತ್ರ, ಪೆಟ್ಟಿಗೆ, ಕುಡುಗೋಲು, ಸುಲಿದ ಕುತ್ತಿಗೆ. ಎರಡು ಸಲವೂ ಅವೇ.

“ನಾಲ್ಕು ಪುಟ. ಅಲ್ಪವಿರಾಮ ಕೂಡ ಅಲ್ಲಲ್ಲೇ ಇದೆ. ಉದ್ಧರಣ ಚಿಹ್ನೆ ಇಲ್ಲ, ಗುರುಗಳ ಹೆಸರಿಲ್ಲ. ಹೋಗ್ಲಿ, ಮರೆತರು ಅನ್ನೋಣ. ಆದರೆ ಕೊನೆಗೆ ಏನು ಬರೆದಿದಾರೆ ಕೇಳಿ.” ಅವರು ತೀರ್ಮಾನ ಓದಿದರು. “ಅಂದ್ರೆ, ಗುರುಗಳ ಮನೆಯಿಂದ ದೊಣ್ಣೆ ಕದ್ದು ಗುರುಗಳ ತಲೆಗೇ ಹಾಕಿದಾರೆ.”

ಎಕ್‌ಹಾರ್ಟ್ ಹಾಗೆಮನ್ ಕಡೆ ನೋಡಿದ. ಅವರು ಆ ತೀರ್ಮಾನವನ್ನು ಕೇಳುತ್ತಿದ್ದುದು ಅದೇ ಮೊದಲು. ಬಿಳಿ ಹುಬ್ಬು ಒಮ್ಮೆ ಮೇಲೆದ್ದು ಕೆಳಗಿಳಿಯಿತು.

ಡೀನರು ಕೆಮ್ಮಿದರು. “ಡಾಕ್ಟರ್ ತೀಲೆ, ಈ ವಾಕ್ಯಗಳು ಯಾರವು?”

“ನನ್ನವು.”

“ಅಂದ್ರೆ?”

ಮಾತು ತಡವರಿಸದೆ ಬಂತು. “ಪ್ರೊಫೆಸರ್ ಅವರ ಲೇಖನ ಬರೆದದ್ದು ನಾನು. ಪೂರ್ತಿ.”

ಆ ಮೇಜಿನ ಸುತ್ತ ಇದ್ದ ಮೂವತ್ತು ಜನರಲ್ಲಿ ಈ ಮಾತು ಸುಳ್ಳೆಂದು ನಂಬಿದವನು ಒಬ್ಬನೂ ಇರಲಿಲ್ಲ. ಪ್ರತಿಯೊಬ್ಬರಿಗೂ ಹೊರಗೆ ತಂತಮ್ಮ ಕೋಣೆಯಲ್ಲಿ ಕೂತು ಬರೆಯುತ್ತಿರುವ ಒಬ್ಬೊಬ್ಬ ತೀಲೆ ನೆನಪಾದ. ಇದು ನಿಜ ಎಂದು ಒಪ್ಪಿದರೆ ನಾಳೆ ತಮ್ಮವನೂ ಬಾಯಿ ತೆರೆಯುತ್ತಾನೆ. ಕಲಾ ಇತಿಹಾಸದವರು ಕಿಟಕಿ ನೋಡಿದರು. ಭೂಗೋಳದವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

ಹಾಗೆಮನ್ ನಿಧಾನವಾಗಿ ಎದ್ದು ನಿಂತರು. ಎಕ್‌ಹಾರ್ಟನಿಗೆ ಆ ಕ್ಷಣದಲ್ಲೂ ಒಂದು ಆಸೆ. ಈ ಮನುಷ್ಯ ಈಗ ಹೇಳಿಬಿಡುತ್ತಾರೆ, ಹೇಳಿದರೆ ಅವರಿಗೇನು ನಷ್ಟ, ಈ ವರ್ಷದ ಕೊನೆಗೆ ನಿವೃತ್ತಿ.

“ತೀಲೆ ನನಗೆ ಬಹಳ ನೆರವಾಗಿದಾರೆ,” ಎಂದರು ಹಾಗೆಮನ್. “ಸಾಮಗ್ರಿ ಹುಡುಕಿ ಕೊಟ್ಟಿದಾರೆ, ಕರಡು ತಿದ್ದಿದಾರೆ. ಹನ್ನೊಂದು ವರ್ಷ ಒಬ್ಬರ ನೆರಳಲ್ಲಿ ಕೆಲಸ ಮಾಡಿದ್ರೆ, ಗುರುಗಳ ಮಾತು ಯಾವುದು, ತನ್ನ ಮಾತು ಯಾವುದು ಅನ್ನೋದೇ ಮರೆತುಹೋಗತ್ತೆ. ಅವರು ಸುಳ್ಳು ಹೇಳ್ತಿಲ್ಲ, ಅವರು ಹಾಗೆ ನಂಬಿದಾರೆ. ನಾನಂತೂ ಇದನ್ನ ಕಳ್ಳತನ ಅನ್ನಲ್ಲ.”

“ಆದರೆ ನೀವು ಮೆಚ್ಚಿ ವರದಿ ಕೊಟ್ಟಿದೀರಿ,” ಎಂದರು ಡೀನರು. “ಅವರ ತೀರ್ಮಾನ ನಿಮಗೆ ವಿರುದ್ಧ ಇದೆಯಲ್ಲ. ಓದಿದ್ರಾ?”

“ಓದದೆ ಸಹಿ ಹಾಕ್ತೀನಾ? ನನ್ನ ವಿರುದ್ಧ ಬರೆದ ಅನ್ನೋ ಕಾರಣಕ್ಕೆ ಒಬ್ಬ ಯುವಕನ ದಾರಿ ತಡೀಬಾರದು ಅಂತ ಸುಮ್ಮನಿದ್ದೆ.”

ಮೇಜಿನ ಸುತ್ತ ಒಂದು ಮೆಚ್ಚುಗೆಯ ಗುಜುಗುಜು ಎದ್ದಿತು. ಎಂಥ ದೊಡ್ಡ ಮನಸ್ಸು. ಎಕ್‌ಹಾರ್ಟ್ ಕುರ್ಚಿಯಿಂದ ಅರ್ಧ ಎದ್ದವನು ಮತ್ತೆ ಕೂತ. ಆ ವರದಿಯನ್ನೂ ನಾನೇ ಬರೆದೆ ಎಂದು ಈಗ ಹೇಳಿದರೆ ಹುಚ್ಚ ಎನ್ನುತ್ತಾರೆ. ಅವನನ್ನು ಹೊರಗೆ ಕಳಿಸಿ ಮತ ಹಾಕಿದರು. ಪ್ರಬಂಧ ಬಿದ್ದಿತು.

ಆಮೇಲೆ ಕಾಫಿಗೆ ಹೊರಬಂದ ಪ್ರೊಫೆಸರರು ಗುಂಪುಗುಂಪಾಗಿ ನಿಂತು ಇದಕ್ಕೂ ಕಾರಣ ಹುಡುಕಿದರು. ಒಬ್ಬರು ಕರಾರು ಮುಗಿಯುವ ಅವಸರ ಎಂದರು, ಒಬ್ಬರು ಈಗಿನ ಹುಡುಗರ ಸೊಕ್ಕು ಎಂದರು, ಒಬ್ಬರು ಕಾಲವೇ ಕೆಟ್ಟಿದೆ ಎಂದರು. ಹೇಗೋ ಆಗಿಹೋಯಿತು, ಯಾರನ್ನೂ ದೂರುವ ಹಾಗಿಲ್ಲ ಎಂಬುದನ್ನು ಎಲ್ಲರೂ ಒಪ್ಪಿದರು. ಯುದ್ಧದ ವಿಷಯದಲ್ಲಿ ವರ್ಷಗಟ್ಟಲೆ ಒಪ್ಪದವರು ಇದನ್ನು ಅರ್ಧ ಲೋಟ ಕಾಫಿಯಲ್ಲಿ ಒಪ್ಪಿಬಿಟ್ಟರು, ಥೂ.

ಎಕ್‌ಹಾರ್ಟ್ ನೇರ ವಿಭಾಗದ ಕಚೇರಿಗೆ ಹೋದ. ಅಲ್ಲಿ ಶ್ರೀಮತಿ ಕ್ನೋಬ್ಲಾಖ್ ಎಂಬ ಕಾರ್ಯದರ್ಶಿ ಇದ್ದಳು. ಹಾಗೆಮನ್ ಲೇಖನಗಳನ್ನೆಲ್ಲ ಟೈಪ್ ಮಾಡಿದವಳು ಅವಳು, ಇವನ ಕೈಬರಹ ನೋಡಿಕೊಂಡು.

“ನಿಮಗೆ ಗೊತ್ತಲ್ಲ,” ಎಂದ.

ಅವಳು ಹೂವಿನ ಕುಂಡಕ್ಕೆ ನೀರು ಹಾಕುತ್ತಲೇ ಇದ್ದಳು. “ನಂಗೇನ್ ಗೊತ್ತು ಡಾಕ್ಟ್ರೇ? ನಾನು ಟೈಪ್ ಮಾಡೋಳು. ಮುಂದೆ ಇಟ್ಟಿದ್ದನ್ನ ಕುಟ್ತೀನಿ. ಯಾರ ಅಕ್ಷರ ಅಂತ ನೋಡ್ತಾ ಕೂತ್ರೆ ಕೆಲಸ ಆಗತ್ತಾ?” ಆಮೇಲೆ ದನಿ ಇಳಿಸಿ, “ಮನೆಗೆ ಹೋಗಿ, ಸ್ವಲ್ಪ ಮಲಕ್ಕೊಳ್ಳಿ,” ಎಂದಳು.

ಜೂನ್ ಕೊನೆಯಲ್ಲಿ ಹಾಗೆಮನ್ ಮನೆಗೆ ಕರೆದರು. ತೋಟದಲ್ಲಿ ಮೇಜು ಹಾಕಿಸಿದ್ದರು, ಸ್ಟ್ರಾಬೆರಿ ಕೇಕ್ ಇತ್ತು, ಕೆನೆ ಇತ್ತು. ಎಕ್‌ಹಾರ್ಟ್ ಹೋಗಬಾರದೆಂದೇ ಅಂದುಕೊಂಡಿದ್ದ. ಬೇರೆ ಎಲ್ಲಿಂದಲೂ ಕರೆ ಬಂದಿರಲಿಲ್ಲ, ಹೋದ.

“ನಿಮ್ಮ ಪ್ರಬಂಧ ಓದಿದೆ,” ಎಂದರು ಹಾಗೆಮನ್. “ಪೂರ್ತಿ ಓದಿದೆ. ಎರಡು ಸಲ.” ಅವರು ಸ್ವಲ್ಪ ಹೊತ್ತು ಚಮಚ ತಿರುಗಿಸಿದರು. “ನೀವು ಹೇಳಿದ್ದು ಸರಿ, ತೀಲೆ. ನಾನು ತಪ್ಪು.”

ಈ ಮಾತನ್ನು ಅವರ ಬಾಯಿಂದ ಕೇಳಬೇಕೆಂದು ಎಕ್‌ಹಾರ್ಟ್ ಎಷ್ಟು ವರ್ಷ ಕಾದಿದ್ದ. ಈಗ ಕೇಳಿದಾಗ ಕಣ್ಣಲ್ಲಿ ನೀರು ಬಂತು, ಅದಕ್ಕೆ ತನ್ನ ಮೇಲೆಯೇ ಅವನಿಗೆ ಸಿಟ್ಟು ಬಂತು.

“ಅದನ್ನ ಸಭೆಗೆ ಹೇಳಿ, ಪ್ರೊಫೆಸರ್ರೇ.”

“ಸಭೆ ಮುಗೀತು. ಅದನ್ನ ತೆಗೆದ್ರೆ ಎಲ್ಲರಿಗೂ ಕೆಸರು. ನಿಮ್ಮ ಹೆಸರಲ್ಲಿ ಇದು ಇನ್ನು ಎಲ್ಲೂ ಅಚ್ಚಾಗಲ್ಲ, ಅದು ನಿಮಗೂ ಗೊತ್ತು. ಆದ್ರೆ ಸತ್ಯ ಪೆಟ್ಟಿಗೇಲಿ ಕೊಳೀಬಾರದಲ್ಲ? ನವೆಂಬರಿಗೆ ನನ್ನ ಬೀಳ್ಕೊಡುಗೆ ಉಪನ್ಯಾಸ. ನಾನು ನಿಂತು, ‘ನಲವತ್ತು ವರ್ಷ ತಪ್ಪು ಹೇಳಿದೆ’ ಅಂದ್ರೆ ದೇಶವೆಲ್ಲ ಕೇಳತ್ತೆ. ನೀವು ಹೇಳಿದ್ರೆ ಯಾರು ಕೇಳ್ತಾರೆ?”

“ನಾನೇ ಬರೀಬೇಕಾ?”

“ನಿಮಗಿಂತ ಚೆನ್ನಾಗಿ ಬರೆಯೋರು ಯಾರಿದಾರೆ?” ಅವರು ಕೇಕಿನ ತುಂಡೊಂದನ್ನು ಅವನ ತಟ್ಟೆಗೆ ಹಾಕಿದರು. “ಅಕಾಡೆಮಿಯವರು ಹಳೇ ದಸ್ತಾವೇಜುಗಳ ಸಂಪುಟ ತರ್ತಿದಾರೆ, ಅಲ್ಲಿ ಒಂದು ಕೆಲಸ ಖಾಲಿ ಇದೆ. ಪಾಠ ಹೇಳೋದಿಲ್ಲ, ಹೆಸರು ಬರೋದಿಲ್ಲ, ಆದ್ರೆ ನಿವೃತ್ತಿವರೆಗೂ ಯಾರೂ ಅಲ್ಲಾಡಿಸಲ್ಲ. ನಾನು ಮಾತಾಡಿದೀನಿ. ಮತ್ತೆ ಆಲ್ಬ್ರೆಖ್ಟ್ ಬಗ್ಗೆ ಒಂದೆರಡು ಮಾತು ಬರಬೇಕು. ನಮ್ಮಣ್ಣನ ಬಗ್ಗೆ. ನಂಗೆ ಬರೆಯೋಕೆ ಕೂತ್ರೆ ಏನೂ ಬರಲ್ಲ ತೀಲೆ, ಒಣ ಒಣ ಆಗತ್ತೆ.”

ಅವರ ದನಿಯಲ್ಲಿ ಆಗ ಮೋಸವಿರಲಿಲ್ಲ. ಅದೇ ಎಲ್ಲಕ್ಕಿಂತ ಕಷ್ಟದ್ದು.

ಮನೆಗೆ ಬಂದಾಗ ಅನ್ನೆಗ್ರೆಟ್ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು.

“ಹೂಂ ಅಂದ್ಯಾ?”

“ನಿನ್ನ ಕೇಳಿ ಹೇಳ್ತೀನಿ ಅಂದೆ.”

“ನನ್ನ ಮೇಲೆ ಹಾಕಬೇಡ. ಅವತ್ತು ಒಂದು ಟಿಪ್ಪಣಿ ಹಾಕು ಅಂದೆ, ನನ್ನ ಮಾತು ಕೇಳಿದ್ಯಾ? ಅವತ್ತು ಬಗ್ಗು ಅಂದಾಗ ಬಗ್ಗಲಿಲ್ಲ. ಇವತ್ತು ನೆಟ್ಟಗೆ ನಿಲ್ಲು ಅಂದ್ರೆ ನಿಲ್ತೀಯಾ?”

“ಹೊರಗೆ ಹೋಗಿ ಏನು ಮಾಡ್ಲಿ? ಈ ವಯಸ್ಸಲ್ಲಿ?”

“ನನ್ನ ಸಂಬಳದಲ್ಲಿ ಇರೋಣ. ನಾನು ಹೆಣ್ಣುಮಕ್ಕಳಿಗೆ ಪಾಠ ಹೇಳ್ತೀನಿ, ನೀನು ಅಡುಗೆ ಮಾಡು. ಚೆನ್ನಾಗೇ ಮಾಡ್ತೀಯ.” ಅವಳು ತಮಾಷೆ ಮಾಡುತ್ತಿರಲಿಲ್ಲ.

ಅವನು ತಲೆ ತಗ್ಗಿಸಿ ಕೂತ. “ಸತ್ಯವಾದ್ರೂ ಹೊರಗೆ ಬರತ್ತಲ್ಲ, ಅನ್ನೆಗ್ರೆಟ್.”

ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. “ಸರಿ, ಬರಿ. ನಿಂಗೆ ಬರೋದು ಅದೊಂದೇ,” ಎಂದು ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು. ಆ ಮೇಲೆ ಅವಳು ಈ ವಿಷಯ ಎತ್ತಲಿಲ್ಲ, ಟೈಪ್ ಮಾಡಿಯೂ ಕೊಡಲಿಲ್ಲ.

ಅವನು ಬರೆದ. ಬೇಸಿಗೆಯೆಲ್ಲ ಬರೆದ. ರಜೆಯ ಕಥೆ ಸಲೀಸಾಗಿ ಬಂತು. ಕೈ ನಿಂತದ್ದು ಆಲ್ಬ್ರೆಖ್ಟ್‌ನ ಹತ್ತಿರ. ಆ ಹುಡುಗನ ಬಗ್ಗೆ ಅವನಿಗೆ ಏನು ಗೊತ್ತಿತ್ತು? ಒಂದು ಫೋಟೋ. ಸುಮಾರು ದಿನ ಕಾಗದ ಹರಿದು ಹರಿದು ಬಿಸಾಡಿದ. ಕೊನೆಗೆ ತನ್ನ ಅಪ್ಪನ ನೆನಪನ್ನು ಹೊರತೆಗೆದ. ಅವನ ಅಪ್ಪ ಎರಡನೆಯ ಯುದ್ಧದಲ್ಲಿ ರಷ್ಯಾಕ್ಕೆ ಹೋದವನು ಬರಲಿಲ್ಲ. ಸತ್ತ ಸುದ್ದಿ ಬಂದ ಮೇಲೂ ಅಮ್ಮ ಪ್ರತಿ ಶನಿವಾರ ಅವನು ಭಾನುವಾರ ಚರ್ಚಿಗೆ ಹಾಕುತ್ತಿದ್ದ ಬೂಟುಗಳನ್ನು ಹೊರಗೆ ತೆಗೆದು ಪಾಲಿಶ್ ಹಾಕುತ್ತಿದ್ದಳು. ಯಾಕಮ್ಮ ಎಂದರೆ, ಚರ್ಮ ಒಡೆಯುತ್ತೆ ಎನ್ನುತ್ತಿದ್ದಳು, ಅಷ್ಟೇ. ಈ ಸಂಗತಿಯನ್ನು ಅವನು ಅನ್ನೆಗ್ರೆಟ್ ಒಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆ ಬೂಟುಗಳನ್ನು ಆಲ್ಬ್ರೆಖ್ಟ್‌ಗೆ ತೊಡಿಸಿದ. ಅಮ್ಮನನ್ನು ಹಾಗೆಮನ್ ಅಮ್ಮನನ್ನಾಗಿ ಮಾಡಿದ.

ಹಾಗೆಮನ್ ಅದನ್ನು ಓದಿ ಮೇಜಿನ ಮೇಲಿನ ಫೋಟೋ ಕಡೆ ನೋಡಿದರು. “ನಮ್ಮಮ್ಮನೂ ಹೀಗೇ ಮಾಡ್ತಿದ್ರೋ ಏನೋ,” ಎಂದರು. ಆಮೇಲೆ ತಲೆಯಾಡಿಸಿ, “ಮಾಡ್ತಿದ್ರು,” ಎಂದರು.

ನವೆಂಬರಿನ ಆ ಮಧ್ಯಾಹ್ನ ದೊಡ್ಡ ಸಭಾಂಗಣ ಕಿಕ್ಕಿರಿದಿತ್ತು. ವಿದ್ಯಾರ್ಥಿಗಳು ಮೆಟ್ಟಿಲ ಮೇಲೂ ಕೂತಿದ್ದರು, ರೇಡಿಯೋದವರು ಬಂದಿದ್ದರು, ಉತ್ತರದ ಹೊಸಬರಲ್ಲಿ ಇಬ್ಬರು ಮೊದಲ ಸಾಲಿನಲ್ಲೇ ಇದ್ದರು. ಎಕ್‌ಹಾರ್ಟ್ ಹಿಂದಿನ ಸಾಲಿನಲ್ಲಿ ಕೂತಿದ್ದ. ಅನ್ನೆಗ್ರೆಟ್ ಬರುವುದಿಲ್ಲ ಎಂದವಳು ಕೊನೆಗೆ ಬಂದು ಪಕ್ಕದಲ್ಲಿ ಕೂತಿದ್ದಳು. ಇನ್ನೊಂದು ಪಕ್ಕಕ್ಕೆ, ಜಾಗ ಸಿಗದೆ, ಲ್ಯಾಟಿನ್ನಿನ ವೆಂಟ್‌ಲಾಂಡ್ ಬಂದು ಕೂತರು. ‘ತಪ್ಪಿಲ್ಲವಲ್ಲ?’ ಎಂದು ಸಭ್ಯವಾಗಿ ಕೇಳಿಯೇ ಕೂತರು.

ಹಾಗೆಮನ್ ಚೆನ್ನಾಗಿ ಓದಿದರು. ಕೊಯ್ಲಿನ ರಜೆಯ ನಿಜವಾದ ಅರ್ಥ ಹೇಳಿದಾಗ ಸಭೆ ಉಸಿರು ಹಿಡಿದು ಕೇಳಿತು. ಒಬ್ಬ ಮುದುಕ ತನ್ನ ಇಡೀ ಬದುಕಿನ ಮಾತನ್ನು ತಾನೇ ಅಳಿಸಿ ಹಾಕುವುದನ್ನು ಅವರೆಲ್ಲ ಮೊದಲ ಸಲ ನೋಡುತ್ತಿದ್ದರು. ಆಮೇಲೆ ಅವರು ಕನ್ನಡಕ ತೆಗೆದು ಬೂಟಿನ ಮಾತಿಗೆ ಬಂದರು. ಶನಿವಾರ, ಅಮ್ಮ, ಪಾಲಿಶ್ ಡಬ್ಬಿ. ಚರ್ಮ ಒಡೆಯುತ್ತೆ ಎಂಬಲ್ಲಿ ಅವರ ದನಿ ಒಡೆಯಿತು, ನಿಜವಾಗಿಯೂ ಒಡೆಯಿತು. ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು.

ಅನ್ನೆಗ್ರೆಟ್ ತಿರುಗಿ ಗಂಡನ ಮುಖ ನೋಡಿದಳು. ಅವಳಿಗೆ ಈ ಭಾಗವನ್ನು ಅವನು ತೋರಿಸಿರಲಿಲ್ಲ. ಅವನು ತಿರುಗಲಿಲ್ಲ. ಅವಳು ಕೋಟು ಎತ್ತಿಕೊಂಡು, ಸಾಲಿನಲ್ಲಿದ್ದವರ ಮೊಣಕಾಲು ದಾಟಿಕೊಂಡು ಹೊರಗೆ ಹೋದ ಸದ್ದು ಮಾತ್ರ ಅವನಿಗೆ ಕೇಳಿಸಿತು.

“ಪಾಪ, ನಿಮ್ಮ ಹೆಂಡತಿಗೆ ತಡೆಯೋಕಾಗಲಿಲ್ಲ,” ಎಂದರು ವೆಂಟ್‌ಲಾಂಡ್.

ಉಪನ್ಯಾಸ ಮುಗಿಯಿತು. ಸಭೆಗೆ ಸಭೆಯೇ ಅಲ್ಲಿನ ಕ್ರಮದಂತೆ ಚಪ್ಪಾಳೆಯ ಬದಲು ಗೆಣ್ಣುಗಳಿಂದ ಬೆಂಚು ಕುಟ್ಟತೊಡಗಿತು, ನಿಲ್ಲಲೇ ಇಲ್ಲ. ವೆಂಟ್‌ಲಾಂಡ್ ಕುಟ್ಟುತ್ತಲೇ ಅವನ ಕಿವಿಯ ಹತ್ತಿರ ಬಾಗಿದರು. ಅವರ ಕಣ್ಣು ಒದ್ದೆಯಾಗಿತ್ತು, ಮಾತಿನಲ್ಲಿ ಹಗೆ ಏನೂ ಇರಲಿಲ್ಲ.

“ಬೇಜಾರು ಮಾಡ್ಕೋಬೇಡಿ ತೀಲೆ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಆ ಬೂಟಿನ ಮಾತು ಕೇಳಿದ್ರಲ್ಲ? ಅಂಥದ್ದನ್ನ ಕದಿಯೋಕಾಗಲ್ಲ. ತನ್ನ ಮನೇಲಿ ಆಗಿದ್ರೆ ಮಾತ್ರ ಬರೆಯೋಕೆ ಬರತ್ತೆ. ನಂಗೆ ಒಂದು ಸಾಲು ಸಾಕು, ಗೊತ್ತಾಗ್ಬಿಡತ್ತೆ.”

“ಹೌದು ಪ್ರೊಫೆಸರ್ರೇ,” ಎಂದು ಎಕ್‌ಹಾರ್ಟ್ ತಾನೂ ಬೆಂಚು ಕುಟ್ಟಿದ.